ಡೈನೋಸಾರ್ ಚಿತ್ರಕ್ಕೆ ಸಾಕ್ಷಿ ಯಾರು?



ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದ ಬಂಡೆಯ ಮೇಲೆ ಕುಳಿತು ನೀವು ಡೈನೋಸಾರ್ ಚಿತ್ರ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಗುಡ್ಡದಂಥ ಮೈ, ಉದ್ದನೆಯ ಕತ್ತು. ಬಾಗಿ ಹೊಳೆಯ ನೀರು ಕುಡಿಯುತ್ತಿದೆ. ಚಿತ್ರ ಚೆನ್ನಾಗಿದೆ. ಆದರೆ ನೀವು ಕುಳಿತ ಬಂಡೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಈ ಸೀಮೆಯ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಡೈನೋಸಾರ್‌ಗಳು ಬಾಳಿದ್ದು ಸುಮಾರು 23 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ಈ ಶಿಲೆಗಳು ರೂಪುಗೊಂಡಾಗ ಭೂಮಿಯ ಮೇಲೆ ಎಲುಬುಳ್ಳ ಪ್ರಾಣಿಯೇ ಇರಲಿಲ್ಲ.

ಹಾಗೆಂದು ಚಿತ್ರವನ್ನು ಹರಿದು ಹಾಕಬೇಡಿ. ಅದಕ್ಕೆ ಸಾಕ್ಷಿ ಬೇರೆ ಎಲ್ಲಿದೆ ಎಂದು ಹುಡುಕೋಣ. ಟೆಲಿವಿಷನ್ ಕಾರ್ಯಕ್ರಮ ಮಾಡುವ ನನಗೂ ಇದೇ ತೊಡಕು. "ಬಣ್ಣ ಯಾವುದು ಸರ್?" ಎಂದು ಕಲಾವಿದರು ಕೇಳುತ್ತಾರೆ. ಎಲುಬು ಅದನ್ನು ಹೇಳುವುದಿಲ್ಲ. ಆದರೂ ಪರದೆಯ ಮೇಲೆ ಬಣ್ಣವಿಲ್ಲದ ಪ್ರಾಣಿಯನ್ನು ತೋರಿಸುವಂತಿಲ್ಲ.

ಇಂಥ ಊಹೆಗಳು ಎಡವಿದ್ದೂ ಉಂಟು. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಇಗ್ವಾನೊಡಾನ್ ಎಂಬ ಪ್ರಾಣಿಗೆ ಹೆಸರಿಟ್ಟರು. ಅದರದೊಂದು ಚೂಪಾದ ಎಲುಬು ಮೂಗಿನ ಮೇಲಿನ ಕೊಂಬು ಎಂದು ಭಾವಿಸಲಾಯಿತು. 1854ರಲ್ಲಿ ಲಂಡನ್ನಿನಲ್ಲಿ ನಿಂತ ಪ್ರತಿಮೆಗೂ ಖಡ್ಗಮೃಗದಂತೆ ಆ ಕೊಂಬು ಬಂತು. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲ ಗಣಿಯೊಂದರಲ್ಲಿ ಇಡೀ ಅಸ್ಥಿಪಂಜರಗಳೇ ಸಿಕ್ಕವು. ಆಗ ತಿಳಿಯಿತು, ಅದು ಕೊಂಬಲ್ಲ, ಕೈಯ ಹೆಬ್ಬೆರಳಿನ ಮೊನೆ!

ರೂಪದಲ್ಲಷ್ಟೇ ಅಲ್ಲ, ನಡತೆಯಲ್ಲೂ ತಪ್ಪಾಯಿತು. 1923ರಲ್ಲಿ ಮಂಗೋಲಿಯಾದಲ್ಲಿ ಮೊಟ್ಟೆಗಳ ಮೇಲೆ ಒಂದು ಪುಟ್ಟ ಡೈನೋಸಾರ್‌ನ ಎಲುಬುಗಳು ದೊರೆತವು. ಮೊಟ್ಟೆ ಬೇರೆಯದರದು, ಇದು ಕದಿಯಲು ಬಂದದ್ದು ಎಂದು ತರ್ಕಿಸಿ 1924ರಲ್ಲಿ ಅದಕ್ಕೆ ಓವಿರ್ಯಾಪ್ಟರ್, ಅಂದರೆ 'ಮೊಟ್ಟೆಗಳ್ಳ' ಎಂದೇ ಹೆಸರಿಟ್ಟರು. ಸುಮಾರು 70 ವರ್ಷ ಚಿತ್ರಗಳಲ್ಲೂ ಅದು ಕಳ್ಳನಾಗಿಯೇ ಉಳಿಯಿತು. 1993ರಲ್ಲಿ ಅಂಥದ್ದೇ ಮೊಟ್ಟೆಯೊಳಗೆ ಸಿಕ್ಕ ಭ್ರೂಣ ಅದರದೇ ಬಳಗದ್ದಾಗಿತ್ತು. ಮುಂದೆ, ಗೂಡಿನ ಮೇಲೆ ಕಾವು ಕೊಡುವ ಭಂಗಿಯಲ್ಲೇ ಕಲ್ಲಾದ ಅದರ ಸಂಬಂಧಿಯೂ ಬೆಳಕಿಗೆ ಬಂತು. ಕಳ್ಳನೆಂದು ಕರೆದದ್ದು ಮೊಟ್ಟೆ ಕಾಯುತ್ತಿದ್ದ ಜೀವಿಯನ್ನು! ಹೆಸರು ಮಾತ್ರ ಇಂದಿಗೂ ಬದಲಾಗಿಲ್ಲ.

ಇನ್ನು ನಮ್ಮ ದೇಶದ ಸಾಕ್ಷಿಗಳನ್ನು ನೋಡೋಣ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ 1980ರ ದಶಕದಲ್ಲಿ ಒಂದು ಡೈನೋಸಾರ್ ಗೂಡು ಕಂಡರು. ಅದರಲ್ಲಿದ್ದ ಕೆಲವು ಎಲುಬುಗಳು ಡೈನೋಸಾರ್ ಮರಿಯದಲ್ಲ, ಸುಮಾರು ಮೂರೂವರೆ ಮೀಟರ್ ಉದ್ದದ ಹಾವಿನವು ಎಂಬುದು ಬಹುಕಾಲದ ಮೇಲೆ ಗೊತ್ತಾಯಿತು. 2010ರಲ್ಲಿ ಪ್ರಕಟವಾದ ಆ ದೃಶ್ಯ ಹೀಗಿದೆ: ಒಡೆದ ಮೊಟ್ಟೆಯನ್ನು ಸುತ್ತಿಕೊಂಡ ಹಾವು, ಪಕ್ಕದಲ್ಲೇ ಆಗತಾನೆ ಹೊರಬಂದ ಮರಿ. ಇನ್ನು ಮಧ್ಯಪ್ರದೇಶದ ನರ್ಮದಾ ಕಣಿವೆಯ 92 ಗೂಡುಗಳ, 256 ಮೊಟ್ಟೆಗಳ ವಿವರ 2023ರಲ್ಲಿ ಹೊರಬಂತು. ಗೂಡುಗಳು ಎಷ್ಟು ಒತ್ತೊತ್ತಾಗಿವೆ ಎಂದರೆ, ಆನೆಗಿಂತ ದೊಡ್ಡ ತಾಯಿ ಅಲ್ಲಿ ನಿಂತು ಮರಿ ಸಾಕಿತೆಂದು ನಂಬುವುದು ಕಷ್ಟ. ಮೊಟ್ಟೆಯಿಟ್ಟು ಹೊರಟುಹೋಗುತ್ತಿದ್ದಿರಬೇಕು.

ಅವು ಏನು ತಿನ್ನುತ್ತಿದ್ದವು? ಮಹಾರಾಷ್ಟ್ರದ ಪಿಸ್ದುರಾದಲ್ಲಿ ಕಲ್ಲಾದ ಸಗಣಿ ಸಿಕ್ಕಿದೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು 2005ರಲ್ಲಿ ಅದರೊಳಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳನ್ನು ತೋರಿಸಿದರು. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. 2011ರಲ್ಲಿ ಆ ಕಣಗಳ ನಡುವೆ ಭತ್ತದ ಬಳಗದ ಗುರುತೂ ಸಿಕ್ಕಿತು. ಹೊನ್ನಾಳಿಯ ಗದ್ದೆಯಲ್ಲಿ ತೂಗುವ ತೆನೆಯ ದೂರದ ಪೂರ್ವಜರನ್ನು ಡೈನೋಸಾರ್ ಮೇಯ್ದಿತ್ತು!

ಈಗ ನಿಮ್ಮ ಚಿತ್ರವನ್ನು ಮತ್ತೆ ಕೈಗೆತ್ತಿಕೊಳ್ಳಿ. ಹೊಳೆಯ ಬದಲು ಹುಲ್ಲು ಬರೆಯಿರಿ, ಗೂಡು ಬರೆಯಿರಿ, ಬೇಕಾದರೆ ಹಾವನ್ನೂ ಬರೆಯಿರಿ. ಬಣ್ಣ ನಿಮ್ಮ ಇಷ್ಟದ್ದು. ಆದರೆ ಚಿತ್ರದ ಹಿಂಬದಿಯಲ್ಲಿ ಎರಡು ಪಟ್ಟಿ ಮಾಡಿ: ಕಲ್ಲು ಹೇಳಿದ್ದು ಯಾವುದು, ನಾನು ಊಹಿಸಿದ್ದು ಯಾವುದು. ಓವಿರ್ಯಾಪ್ಟರ್‌ಗೆ ಹೆಸರಿಟ್ಟಾಗ ಈ ಎರಡೂ ಬೆರೆತುಹೋಗಿದ್ದವು. ಹೊಸ ಪಳೆಯುಳಿಕೆ ಸಿಕ್ಕ ದಿನ ನಿಮ್ಮ ಎರಡನೆಯ ಪಟ್ಟಿಯಲ್ಲಿ ಏನನ್ನು ಅಳಿಸಬೇಕೆಂದು ನಿಮಗೇ ತಿಳಿಯುತ್ತದೆ. ಪೆನ್ಸಿಲ್ ಜೊತೆಗೆ ರಬ್ಬರನ್ನೂ ಇಟ್ಟುಕೊಂಡಿರಿ.