ಶಿಕ್ಷಣ ಸಂಶೋಧನೆಯಲ್ಲಿ ಹಿಂಚಲನ ವಿಶ್ಲೇಷಣೆ ಹಾಗೂ ಇತರ ಸಂಖ್ಯಾಶಾಸ್ತ್ರೀಯ ವಿಧಾನಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಶಾಲೆಗಳ ಫಲಿತಾಂಶ, ಹಾಜರಾತಿ, ಶಿಕ್ಷಕರ ಸಂಖ್ಯೆ ಹಾಗೂ ಮಕ್ಕಳ ಕಲಿಕಾ ಮಟ್ಟಕ್ಕೆ ಸಂಬಂಧಿಸಿದ ಅಂಕಿಅಂಶಗಳನ್ನು ಹಲವು ವರ್ಗದ ಸಾರ್ವಜನಿಕರು ಬಳಸುತ್ತಾರೆ. ಮಕ್ಕಳ ದಾಖಲಾತಿಗೆ ಅರ್ಜಿ ಸಲ್ಲಿಸುವ ಪೋಷಕರು, ಹೆಚ್ಚುವರಿ ಶಿಕ್ಷಕರಿಗಾಗಿ ಮನವಿ ಸಲ್ಲಿಸುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹಾಗೂ ಸಂಶೋಧನೆಗಾಗಿ ಮಾಹಿತಿ ಕೋರುವ ವಿದ್ಯಾರ್ಥಿಗಳು ಇವರಲ್ಲಿ ಮುಖ್ಯರು. ಅಂಕಿಅಂಶಗಳನ್ನು ತಪ್ಪಾಗಿ ಅರ್ಥೈಸಿದಲ್ಲಿ ಉತ್ತಮ ಶಾಲೆಯೊಂದು ಮಕ್ಕಳನ್ನು ಕಳೆದುಕೊಳ್ಳುವ ಅಥವಾ ನ್ಯಾಯಯುತವಾದ ಮನವಿಯೊಂದು ತಿರಸ್ಕೃತವಾಗುವ ಸಂಭವವಿರುತ್ತದೆ. ಆದ್ದರಿಂದ ಶಿಕ್ಷಣ ಸಂಶೋಧನೆಯಲ್ಲಿ ಬಳಕೆಯಲ್ಲಿರುವ ಪ್ರಮುಖ ವಿಧಾನಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

2. ಹಿನ್ನೆಲೆ

ರಿಗ್ರೆಷನ್ ಎಂದು ಕರೆಯಲಾಗುವ ಹಿಂಚಲನ ವಿಶ್ಲೇಷಣೆಗೆ ಆ ಹೆಸರು ಬಂದುದು ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ ಅವರ ಅಧ್ಯಯನದಿಂದ. 1886ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು 205 ದಂಪತಿಗಳ ಹಾಗೂ ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಹೋಲಿಸಿದರು. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿದ್ದರೂ ತಂದೆತಾಯಿಗಳಿಗಿಂತ ಸರಾಸರಿಗೆ ಹತ್ತಿರವಾಗಿದ್ದುದು ಕಂಡುಬಂದಿತು. ಸರಾಸರಿಯತ್ತ ಹಿಂದಿರುಗುವ ಈ ಪ್ರವೃತ್ತಿಯೇ ಹೆಸರಿಗೆ ಮೂಲವಾಯಿತು.

ಭಾರತದಲ್ಲಿ ಸಂಖ್ಯಾಶಾಸ್ತ್ರದ ಬೆಳವಣಿಗೆಗೂ ಪರೀಕ್ಷಾ ಫಲಿತಾಂಶಗಳಿಗೂ ನಿಕಟ ಸಂಬಂಧವಿದೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಸ್ಥಾಪಿಸಿದ ಪ್ರೊ. ಪಿ.ಸಿ. ಮಹಲನೋಬಿಸ್ ಅವರಿಗೆ ಈ ಕ್ಷೇತ್ರದಲ್ಲಿ ದೊರೆತ ಆರಂಭದ ಕೆಲಸವೆಂದರೆ, 1917ರ ಸುಮಾರಿಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳ ವಿಶ್ಲೇಷಣೆ. ಈ ಕೆಲಸವನ್ನು ಅವರಿಗೆ ವಹಿಸಿದವರು ಆಚಾರ್ಯ ಬ್ರಜೇಂದ್ರನಾಥ ಸೀಲ್. ಇವರು 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು.

3. ಹಿಂಚಲನ ವಿಶ್ಲೇಷಣೆಯ ಸ್ವರೂಪ

ಒಂದು ಅಂಶವು ಬದಲಾದಂತೆ ಮತ್ತೊಂದು ಅಂಶವು ಸರಾಸರಿ ಎಷ್ಟು ಬದಲಾಗುತ್ತದೆ ಎಂಬುದನ್ನು ಹಿಂಚಲನ ವಿಶ್ಲೇಷಣೆಯು ಅಂದಾಜು ಮಾಡುತ್ತದೆ. ವಿವರಣೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ನೀಡಲಾಗಿದೆ. ಒಂದು ತಾಲ್ಲೂಕಿನ ವಿದ್ಯಾರ್ಥಿಗಳ ಅಂಕ ಮತ್ತು ಹಾಜರಾತಿಗಳಿಂದ ಈ ಸಮೀಕರಣ ದೊರೆಯಿತೆಂದು ಭಾವಿಸಬಹುದು:

ಅಂಕ = 20 + (0.5 × ಹಾಜರಾತಿಯ ಶೇಕಡಾ ಪ್ರಮಾಣ)

ಇದರ ಪ್ರಕಾರ ಶೇ. 80 ಹಾಜರಾತಿಯುಳ್ಳ ವಿದ್ಯಾರ್ಥಿಗಳ ನಿರೀಕ್ಷಿತ ಸರಾಸರಿ 60 ಅಂಕ, ಶೇ. 90 ಹಾಜರಾತಿಯುಳ್ಳವರದು 65 ಅಂಕ. 0.5 ಎಂಬುದು ಹಿಂಚಲನ ಗುಣಾಂಕ. ಇದು ಗುಂಪಿನ ಸರಾಸರಿಯನ್ನು ಸೂಚಿಸುತ್ತದೆಯೇ ಹೊರತು ನಿರ್ದಿಷ್ಟ ಮಗುವೊಂದರ ಅಂಕವನ್ನು ಖಚಿತವಾಗಿ ಹೇಳುವುದಿಲ್ಲ.

ನಿಯಮಿತವಾಗಿ ಶಾಲೆಗೆ ಬರುವ ಮಕ್ಕಳ ಮನೆಗಳಲ್ಲಿ ಓದಿಗೆ ಅನುಕೂಲವೂ ಹೆಚ್ಚಾಗಿರಬಹುದು. ತಾಯಿಯ ವಿದ್ಯಾಭ್ಯಾಸ, ಶಾಲೆಗಿರುವ ದೂರ ಮುಂತಾದವುಗಳನ್ನು ಸಮೀಕರಣಕ್ಕೆ ಸೇರಿಸಿದಾಗ ಹಾಜರಾತಿಯ ಗುಣಾಂಕವು 0.3ಕ್ಕೆ ಇಳಿಯಬಹುದು. ಅಂದರೆ ಮೊದಲು ಹಾಜರಾತಿಯದೆಂದು ತೋರಿದ ಪ್ರಭಾವದ ಒಂದು ಭಾಗವು ವಾಸ್ತವವಾಗಿ ಮನೆಯ ಪರಿಸ್ಥಿತಿಯದಾಗಿರುತ್ತದೆ. ಹೀಗೆ ಹಲವು ಅಂಶಗಳನ್ನು ಒಟ್ಟಿಗೆ ಪರಿಗಣಿಸುವ ವಿಧಾನಕ್ಕೆ ಬಹು ಹಿಂಚಲನೆ ಎನ್ನುತ್ತಾರೆ.

4. ಸಂಬಂಧವೇ ಕಾರಣವಲ್ಲ

ಪೋಷಕರ ಆಸಕ್ತಿ, ಮಗುವಿನ ಆರೋಗ್ಯ ಮುಂತಾದ ಕೆಲವು ಅಂಶಗಳು ದಾಖಲೆಗಳಲ್ಲಿ ಸಿಗುವುದಿಲ್ಲ. ದಾಖಲೆಯಲ್ಲಿಲ್ಲದ ಅಂಶವನ್ನು ಯಾವ ಸಮೀಕರಣವೂ ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಾರದು. ಈ ಕಾರಣದಿಂದಲೇ ಖಾಸಗಿ ಮತ್ತು ಸರ್ಕಾರಿ ಶಾಲೆಗಳ ಸರಾಸರಿ ಅಂಕಗಳನ್ನು ಕೇವಲ ಅಕ್ಕಪಕ್ಕ ಇಟ್ಟು ಬೋಧನೆಯ ಗುಣಮಟ್ಟವನ್ನು ನಿರ್ಣಯಿಸುವುದು ಸಮಂಜಸವಲ್ಲ. ಈ ತೊಡಕನ್ನು ನಿವಾರಿಸಲು ಸಂಶೋಧಕರು ಕೆಳಕಂಡ ವಿಧಾನಗಳನ್ನು ಅನುಸರಿಸುತ್ತಾರೆ.

(ಅ) ಯಾದೃಚ್ಛಿಕ ಹಂಚಿಕೆಯ ಪ್ರಯೋಗ: ಅಮೆರಿಕದ ಟೆನೆಸ್ಸಿ ರಾಜ್ಯದ 79 ಶಾಲೆಗಳಲ್ಲಿ 1985ರಿಂದ 1989ರವರೆಗೆ ಸ್ಟಾರ್ ಎಂಬ ಪ್ರಯೋಗ ನಡೆಯಿತು. ಮಕ್ಕಳನ್ನು ಹಾಗೂ ಶಿಕ್ಷಕರನ್ನು 13ರಿಂದ 17 ಮಕ್ಕಳ ಚಿಕ್ಕ ತರಗತಿ, 22ರಿಂದ 25 ಮಕ್ಕಳ ಸಾಮಾನ್ಯ ತರಗತಿ ಮತ್ತು ಸಹಾಯಕರಿರುವ ಸಾಮಾನ್ಯ ತರಗತಿಗಳಿಗೆ ಯಾದೃಚ್ಛಿಕವಾಗಿ ಹಂಚಲಾಯಿತು. ಚಿಕ್ಕ ತರಗತಿಯ ಮಕ್ಕಳು ಮಾನಕ ವಿಚಲನೆಯ ಸುಮಾರು ಐದನೇ ಒಂದು ಭಾಗದಷ್ಟು ಮುಂದಿದ್ದರು. 100 ಮಕ್ಕಳ ಸಾಲಿನ ನಡುವೆ ಇರುವ ಮಗುವೊಂದು ಸುಮಾರು 8 ಸ್ಥಾನ ಮುಂದೆ ಸಾಗುವುದಕ್ಕೆ ಇದು ಸಮ.

(ಆ) ಭಾರತದ ಪ್ರಯೋಗ: 2001ರಿಂದ 2003ರ ಅವಧಿಯಲ್ಲಿ ವಡೋದರಾ ಮತ್ತು ಮುಂಬಯಿ ನಗರಗಳಲ್ಲಿ ಪ್ರಥಮ್ ಸಂಸ್ಥೆಯ ಬಾಲಸಖಿ ಕಾರ್ಯಕ್ರಮವನ್ನು ಇದೇ ವಿಧಾನದಲ್ಲಿ ಪರಿಶೀಲಿಸಲಾಯಿತು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರು ದಿನಕ್ಕೆ ಸುಮಾರು 2 ಗಂಟೆ ಪ್ರತ್ಯೇಕವಾಗಿ ಪಾಠ ಹೇಳುತ್ತಿದ್ದರು. ಮೊದಲ ವರ್ಷ 0.14 ಹಾಗೂ ಎರಡನೆಯ ವರ್ಷ 0.28 ಮಾನಕ ವಿಚಲನೆಯಷ್ಟು ಪ್ರಗತಿ ಕಂಡುಬಂದಿತು. ಕಾರ್ಯಕ್ರಮ ಮುಗಿದ ಒಂದು ವರ್ಷದ ನಂತರ ಈ ಲಾಭವು ಸುಮಾರು 0.10ಕ್ಕೆ ಇಳಿದಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದರ ವರದಿಯನ್ನು 2007ರಲ್ಲಿ ಪ್ರಕಟಿಸಿದರು.

(ಇ) ಮಿತಿರೇಖೆಯ ವಿಧಾನ: ನಿಯಮವೊಂದು ನಿಗದಿಪಡಿಸಿದ ಗೆರೆಯ ಈಚೆ ಮತ್ತು ಆಚೆ ಇರುವ ಶಾಲೆಗಳನ್ನು ಇಲ್ಲಿ ಹೋಲಿಸಲಾಗುತ್ತದೆ. ಇಸ್ರೇಲಿನಲ್ಲಿ ತರಗತಿಯೊಂದರ ಗರಿಷ್ಠ ಮಿತಿ 40 ಮಕ್ಕಳಾಗಿತ್ತು. ದಾಖಲಾತಿ 41ಕ್ಕೆ ಏರಿದೊಡನೆ ಎರಡು ತರಗತಿಗಳಾಗುತ್ತಿದ್ದವು. ಇದನ್ನು ಬಳಸಿಕೊಂಡ ಆಂಗ್ರಿಸ್ಟ್ ಮತ್ತು ಲಾವಿ ಅವರ 1999ರ ಅಧ್ಯಯನದಲ್ಲಿ 4 ಮತ್ತು 5ನೇ ತರಗತಿಗಳಲ್ಲಿ ಚಿಕ್ಕ ತರಗತಿಯ ಲಾಭ ಕಂಡುಬಂದಿತು. ಹೊಸ ದತ್ತಾಂಶವನ್ನು ಬಳಸಿ 2019ರಲ್ಲಿ ಅವರೇ ಇತರರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ಲಾಭ ಕಂಡುಬರಲಿಲ್ಲ. ಒಂದೇ ಅಧ್ಯಯನವನ್ನು ಅಂತಿಮವೆಂದು ಭಾವಿಸಬಾರದೆಂಬುದಕ್ಕೆ ಇದು ನಿದರ್ಶನ.

ಭಾರತದಲ್ಲಿಯೂ ಇಂತಹ ಗೆರೆ ಇದೆ. ಶಿಕ್ಷಣ ಹಕ್ಕು ಅಧಿನಿಯಮ, 2009ರ ಅನುಸೂಚಿಯಂತೆ 1ರಿಂದ 5ನೇ ತರಗತಿಗಳಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು ಹಾಗೂ 61ರಿಂದ 90 ಮಕ್ಕಳಿಗೆ 3 ಶಿಕ್ಷಕರು ಇರತಕ್ಕದ್ದು. 60 ಮಕ್ಕಳಿದ್ದಾಗ ಒಬ್ಬ ಶಿಕ್ಷಕರಿಗೆ 30 ಮಕ್ಕಳು. ಒಂದು ಮಗು ಹೆಚ್ಚಾದರೆ ಸುಮಾರು 20 ಮಕ್ಕಳು. ಆದ್ದರಿಂದ ಹೆಚ್ಚುವರಿ ಶಿಕ್ಷಕರನ್ನು ಕೋರುವ ಸಮಿತಿಗಳು ಸರಾಸರಿ ಅಂಕಗಳಿಗಿಂತ ಮೊದಲು ದಾಖಲಾತಿಯ ನಿಖರ ಸಂಖ್ಯೆಯನ್ನು ಮನವಿಯಲ್ಲಿ ನಮೂದಿಸುವುದು ಸೂಕ್ತ.

5. ಶಾಲಾ ಫಲಿತಾಂಶಗಳನ್ನು ಓದುವಾಗ ಗಮನಿಸಬೇಕಾದ ಅಂಶಗಳು

(ಅ) ಮಕ್ಕಳ ಸಂಖ್ಯೆ: 12 ಮಕ್ಕಳು ಪರೀಕ್ಷೆ ಬರೆದ ಶಾಲೆಯಲ್ಲಿ ಒಂದು ಮಗು ಅನುತ್ತೀರ್ಣವಾದರೆ ಫಲಿತಾಂಶವು ಶೇ. 100ರಿಂದ ಶೇ. 91.67ಕ್ಕೆ ಇಳಿಯುತ್ತದೆ. 240 ಮಕ್ಕಳ ಶಾಲೆಯಲ್ಲಿ ಅದೇ ಕಾರಣಕ್ಕೆ ಆಗುವ ಇಳಿಕೆ ಕೇವಲ ಶೇ. 0.42. ಆದ್ದರಿಂದ ಚಿಕ್ಕ ಶಾಲೆಗಳು ಪಟ್ಟಿಯ ಮೊದಲಲ್ಲಿಯೂ ಕೊನೆಯಲ್ಲಿಯೂ ಕಾಣಿಸಿಕೊಳ್ಳುವುದು ಸಹಜ. ಇಂತಹ ಶಾಲೆಗಳ ಮೂರರಿಂದ ಐದು ವರ್ಷಗಳ ಒಟ್ಟು ಫಲಿತಾಂಶವನ್ನು ನೋಡುವುದು ಉಚಿತ.

(ಆ) ಸರಾಸರಿಯತ್ತ ಮರಳುವಿಕೆ: ಒಂದು ವರ್ಷ ಅತಿ ಕಡಿಮೆ ಫಲಿತಾಂಶ ಪಡೆದ ಶಾಲೆಗಳು ಮರುವರ್ಷ ಯಾವ ವಿಶೇಷ ಕ್ರಮವಿಲ್ಲದೆಯೂ ಒಟ್ಟಾರೆಯಾಗಿ ಸುಧಾರಿಸುವುದುಂಟು. ಆ ಸುಧಾರಣೆಯನ್ನು ಪೂರ್ಣವಾಗಿ ವಿಶೇಷ ತರಗತಿಗಳ ಫಲವೆಂದಾಗಲಿ, ಉನ್ನತ ಸ್ಥಾನದಿಂದ ತುಸು ಇಳಿದ ಶಾಲೆಯನ್ನು ಶಿಕ್ಷಕರ ನಿರ್ಲಕ್ಷ್ಯಕ್ಕೆ ನಿದರ್ಶನವೆಂದಾಗಲಿ ಪರಿಗಣಿಸಬಾರದು.

(ಇ) ಹಂತಗಳ ವ್ಯತ್ಯಾಸ: ಮಕ್ಕಳು ತರಗತಿಗೆ, ತರಗತಿಗಳು ಶಾಲೆಗೆ ಸೇರಿರುತ್ತವೆ. ಒಂದೇ ತರಗತಿಯ ಮಕ್ಕಳು ಒಬ್ಬರೇ ಶಿಕ್ಷಕರಿಂದ ಕಲಿಯುವುದರಿಂದ ಅವರ ಅಂಕಗಳು ಪರಸ್ಪರ ಸ್ವತಂತ್ರವಲ್ಲ. ಇದನ್ನು ಬಹುಹಂತದ ಹಿಂಚಲನೆಯು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

(ಈ) ಮಾದರಿ ಸಮೀಕ್ಷೆ: 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಂತಹವು ಆಯ್ದ ಶಾಲೆಗಳ ಆಯ್ದ ಮಕ್ಕಳನ್ನು ಆಧರಿಸಿ ಜಿಲ್ಲೆ ಮತ್ತು ರಾಜ್ಯಗಳ ಸ್ಥಿತಿಯನ್ನು ತಿಳಿಸುತ್ತವೆ. ಇವುಗಳಿಂದ ಒಂದು ನಿರ್ದಿಷ್ಟ ಶಾಲೆಯ ಬಗ್ಗೆ ತೀರ್ಮಾನಕ್ಕೆ ಬರಲಾಗದು.

6. ಅಂಕಿಅಂಶಗಳನ್ನು ಪಡೆಯುವ ಕ್ರಮ

ಪ್ರಕಟವಾಗದ ಅಂಕಿಅಂಶಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಂದ ಪಡೆಯಬಹುದು.

- ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.
- ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರದಂತಿರಬೇಕು.
- ಮಾಹಿತಿ ಕೋರಲು ಕಾರಣ ನೀಡಬೇಕಾಗಿಲ್ಲ.
- ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಉತ್ತರ ದೊರೆಯದಿದ್ದಲ್ಲಿ ಅಥವಾ ತೃಪ್ತಿಕರವಾಗಿಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.
- ಮಕ್ಕಳ ಹೆಸರು, ವಿಳಾಸ ಮುಂತಾದ ವೈಯಕ್ತಿಕ ವಿವರಗಳನ್ನು ಕೋರದೆ, ಶಾಲಾವಾರು ಅಥವಾ ತರಗತಿವಾರು ಸಂಖ್ಯೆಗಳನ್ನು ಕೋರುವುದು ಸೂಕ್ತ.

ಅರ್ಜಿಯಲ್ಲಿ ಕೇವಲ ಶೇಕಡಾ ಪ್ರಮಾಣವನ್ನು ಕೇಳದೆ, ಪರೀಕ್ಷೆಗೆ ಹಾಜರಾದವರ ಸಂಖ್ಯೆ, ಉತ್ತೀರ್ಣರಾದವರ ಸಂಖ್ಯೆ ಹಾಗೂ ಕನಿಷ್ಠ ಮೂರು ವರ್ಷಗಳ ವಿವರಗಳನ್ನು ಕೇಳುವುದು ಒಳ್ಳೆಯದು. ಈ ಮೂರೂ ಕೈಯಲ್ಲಿದ್ದರೆ ಶಾಲೆಯೊಂದರ ಏರಿಳಿತವು ಆಕಸ್ಮಿಕವೇ ಅಥವಾ ಗಮನ ಹರಿಸಬೇಕಾದ ಸಮಸ್ಯೆಯೇ ಎಂಬುದನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ.