ಸರ್ವರ್ ಡೌನ್ ಐತ್ರಿ

ಎರಡು ವರ್ಷದ ಹಿಂದೆ, ಮಿರಗದ ಮಳೆ ಆಗಿ ಊರೆಲ್ಲ ಬಿತ್ತನೆಯ ಗಡಿಬಿಡಿಯಲ್ಲಿದ್ದಾಗ, ಕಾಕಾನ ಜೊತೆ ಉತಾರ ತರೋಕೆ ಹೋಗಿದ್ದೆ. ಬೆಂಗಳೂರಿನ ಕಡೆ ಪಹಣಿ ಅನ್ನೋದನ್ನೇ ನಮ್ಮ ಧಾರವಾಡ ಸೀಮೆಯಲ್ಲಿ ಉತಾರ ಅಂತಾರೆ. ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಅದು ಬೇಕಿತ್ತು. ಕೌಂಟರಿನ ಹುಡುಗ ತಲೆ ಎತ್ತದೆಯೇ ಹೇಳಿದ, "ಸರ್ವರ್ ಡೌನ್ ಐತ್ರಿ."

"ಯಾವಾಗ ಬರ್ತದೋ ತಮ್ಮಾ?"

"ನಮ್ಮ ಕೈಯಾಗ ಇಲ್ರಿ ಯಜಮಾನ್ರ. ಬೆಂಗಳೂರಾಗ ಸರಿ ಆಗಬೇಕು."

ಕಾಕಾ ನನ್ನ ಕಡೆ ತಿರುಗಿದ. "ನೀನೂ ಬೆಂಗಳೂರಾಗ ಇದ್ನ ಮಾಡ್ತಿಯಲ್ಲೋ. ಒಂದು ಫೋನ್ ಹಚ್ಚು ನೋಡೋಣ."

ನಗು ಬಂತು, ನಾಚಿಕೆಯೂ ಆಯ್ತು. ಕಂಪನಿಗಳ ಲೆಕ್ಕಪತ್ರ, ಸ್ಟಾಕು, ಸಂಬಳದ ಪಟ್ಟಿಯನ್ನೆಲ್ಲ ಅವರ ಆಫೀಸಿನ ಸರ್ವರ್‌ನಿಂದ ಎತ್ತಿ ಕ್ಲೌಡ್‌ಗೆ ಸಾಗಿಸೋದು ನನ್ನ ಕೆಲಸ. ಹಿಂದಿನ ವಾರವಷ್ಟೇ ಒಬ್ಬ ಗ್ರಾಹಕರಿಗೆ ನಾನೂ ಇದೇ ಮಾತು ಹೇಳಿದ್ದೆ, "ಇಶ್ಯೂ ಪ್ರೊವೈಡರ್ ಕಡೆ ಇದೆ ಸರ್."

ಬರಿಗೈಲಿ ಬಸ್ಸು ಹತ್ತಿದ ಮೇಲೆ ತಲೆಯಲ್ಲಿ ಒಂದೇ ಪ್ರಶ್ನೆ. ನಮ್ಮೂರ ಹೊಲದ ಲೆಕ್ಕ ಬೆಂಗಳೂರಿಗೆ ಹೋಗಿದ್ದು ಹೇಗೆ? ಹುಡುಕುತ್ತಾ ಹೋದರೆ, ಕ್ಲೌಡ್ ಅನ್ನೋ ಮಾತು ಹುಟ್ಟುವ ಬಹಳ ಮೊದಲೇ ಈ ಲೆಕ್ಕ ಹಲವು ಸಲ ಮನೆ ಬದಲಿಸಿದೆ.

ಮೊದಲ ಮನೆ ಕಲ್ಲು. ಅಣ್ಣಿಗೇರಿಯ ಅಮೃತೇಶ್ವರದಂಥ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿಗೆ ಭೂಮಿ ಕೊಟ್ಟವರು ಅದನ್ನ ಶಾಸನದಲ್ಲಿ ಬರೆಸುತ್ತಿದ್ದರು. ಯಾರು ಕೊಟ್ಟರು, ಎಷ್ಟು ಮತ್ತರು, ಗಡಿ ಎಲ್ಲಿ ಅನ್ನೋದೆಲ್ಲ ಇರುತ್ತಿತ್ತು. ಕೊನೆಗೆ, ಈ ದಾನ ಕೆಡಿಸಿದವರಿಗೆ ಘೋರ ಪಾಪ ತಟ್ಟಲಿ ಅನ್ನುವ ಶಾಪ. ಆ ಕಾಲದ ಸೆಕ್ಯೂರಿಟಿ ಪಾಲಿಸಿ ಅನ್ನಿ. ತಿದ್ದೋದು ಕಷ್ಟ, ಆದರೆ ದಾಖಲೆ ಊರ ಮಧ್ಯದಲ್ಲೇ ನಿಂತಿತ್ತು.

ಎರಡನೆಯ ಮನೆ ಕುಲಕರ್ಣಿಯ ದಫ್ತರ. 1818ರಲ್ಲಿ ಪೇಶ್ವೆ ರಾಜ್ಯ ಮುಗಿದು ಬ್ರಿಟಿಷರು ಬಂದಾಗ ಊರಿನ ಲೆಕ್ಕ ವಂಶಪಾರಂಪರ್ಯವಾಗಿ ಆ ಮನೆಯಲ್ಲಿರುತ್ತಿತ್ತು. ಬಹಳಷ್ಟು ಕಾಗದ ಮೋಡಿ ಲಿಪಿಯಲ್ಲಿ. ಬರೆದವನೇ ಓದಿ ಹೇಳಬೇಕು, ಅವನು ಹೇಳಿದ್ದೇ ಲೆಕ್ಕ. ಈಗ ನಾವು ವೆಂಡರ್ ಲಾಕ್-ಇನ್ ಅಂತೀವಲ್ಲ, ಅದೇ. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಸರ್ವೇ ಹೊಲಗಳಿಗೆ ನಂಬರು ಕೊಟ್ಟಿತು. 1903ರ ಮುಂಬಯಿ ಕಾಯ್ದೆ ಹಕ್ಕುಪತ್ರದ ದಾಖಲೆ ಇಡುವ ಪದ್ಧತಿ ತಂತು. 1950ರ ಕಾಯ್ದೆ ಕುಲಕರ್ಣಿ ವತನವನ್ನೇ ರದ್ದು ಮಾಡಿತು. ಪುಸ್ತಕ ಪಗಾರದ ತಲಾಠಿಯ ಕೈಗೆ ಬಂತು, ಅವನ ಮೇಲೆ ತಾಲೂಕು ಕಚೇರಿ.

ಆ ತಾಲೂಕು ಕಚೇರಿಯ ಹೆಸರು ಇತಿಹಾಸದಲ್ಲಿ ಬರೋದು 1980ರ ಜುಲೈ 21ಕ್ಕೆ. ಮಲಪ್ರಭಾ ಕಾಲುವೆ ಬಂದ ಜಮೀನಿಗೆ ಸರಕಾರ ಅಭಿವೃದ್ಧಿ ಕರ ಹಾಕಿತ್ತು. ಎಷ್ಟೋ ಹೊಲಕ್ಕೆ ನೀರು ಸರಿಯಾಗಿ ಮುಟ್ಟಿರಲಿಲ್ಲ, ಬಾಕಿ ಮಾತ್ರ ಪುಸ್ತಕಕ್ಕೆ ಮುಟ್ಟಿತ್ತು. ನವಲಗುಂದ ಮತ್ತು ನರಗುಂದದಲ್ಲಿ ಸಾವಿರಾರು ರೈತರು ತಹಶೀಲ್ದಾರ್ ಕಚೇರಿಯ ಮುಂದೆ ಸೇರಿದರು. ಗೋಲಿಬಾರ್ ಆಯ್ತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ನರಗುಂದದ ಗಲಭೆಯಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಆ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರ ಸೋತದ್ದಕ್ಕೆ ಇದೂ ಒಂದು ಕಾರಣ ಅಂತಾರೆ. ಇವತ್ತಿಗೂ ಜುಲೈ 21 ನಮ್ಮಲ್ಲಿ ರೈತ ಹುತಾತ್ಮರ ದಿನ.

ಹಿಂಸೆಯನ್ನ ನಾನು ಹೊಗಳ್ತಾ ಇಲ್ಲ. ನನಗೆ ಕಂಡದ್ದು ಬೇರೆ. ತಮ್ಮ ಹೆಸರಿನ ಮುಂದೆ ಬಾಕಿ ಬರೆದ ಪುಸ್ತಕ ಯಾವ ಕಟ್ಟಡದಲ್ಲಿದೆ, ಅದಕ್ಕೆ ಸಹಿ ಹಾಕೋರು ಯಾರು ಅನ್ನೋದು ಆ ರೈತರಿಗೆ ಗೊತ್ತಿತ್ತು. ಜಗಳ ಆಡೋಕೆ ಒಂದು ಬಾಗಿಲು ಇತ್ತು.

ಮುಂದಿನ ಮನೆ ಕಂಪ್ಯೂಟರು. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನ ಕಂಪ್ಯೂಟರಿಗೆ ಹಾಕಿತು. ಅದರ ಹಿಂದಿದ್ದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಆಗ 15 ರೂಪಾಯಿ ಕೊಟ್ಟರೆ ಕೈಗೆ ಉತಾರ ಸಿಗುತ್ತಿತ್ತು. ಕೈಬರಹದ ಉತಾರ ನಡೆಯೋದಿಲ್ಲ ಅಂತಾಯ್ತು. ತಲಾಠಿಯ ಹಿಂದೆ ವಾರಗಟ್ಟಲೆ ತಿರುಗಿ, ಕೈ ಬಿಸಿ ಮಾಡಿ, ಮತ್ತೆ ತಿರುಗಿದ ನಮ್ಮಪ್ಪನಂಥವರಿಗೆ ಇದು ಸಣ್ಣ ಸಂಗತಿ ಅಲ್ಲ. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು, ತಿದ್ದಿದ್ದು ಯಾರು ಅನ್ನೋದು ಉಳಿಯುತ್ತಿತ್ತು. ಆದರೆ ತಲಾಠಿಯ ಪುಸ್ತಕದ ತಪ್ಪೂ ಜೊತೆಗೇ ಕಂಪ್ಯೂಟರ್ ಹತ್ತಿತು. ಕಾಲಂ 3ರ ಕ್ಷೇತ್ರ, ಕಾಲಂ 9ರ ಮಾಲೀಕರ ಕ್ಷೇತ್ರ ತಾಳೆ ಆಗದ ಉತಾರ ಹಿಡ್ಕೊಂಡು ಈಗಲೂ ಜನ ಅಲೆಯುತ್ತಾರೆ. ಮೈಗ್ರೇಶನ್ ಮಾಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ, ಕಸ ಹಾಕಿದರೆ ಕಸವೇ ಬರೋದು.

ಮೊದಮೊದಲು ತಾಲೂಕಿಗೊಂದು ಸರ್ವರ್ ಇತ್ತು. ಆಮೇಲೆ ಎಲ್ಲವೂ ಬೆಂಗಳೂರಿನ ಡೇಟಾ ಸೆಂಟರ್‌ಗೆ ಹೋಯ್ತು. ಅತ್ತ 2006ರಲ್ಲಿ ಅಮೆಜಾನ್ ತನ್ನ ಕಂಪ್ಯೂಟರುಗಳನ್ನ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡೋಕೆ ಶುರು ಮಾಡಿತ್ತು. ನನ್ನಂಥವರ ಹೊಟ್ಟೆಪಾಡು ಅಲ್ಲಿಂದ. ಇತ್ತ 2014ರಲ್ಲಿ ನಮ್ಮ ಎಪಿಎಂಸಿಗಳೂ ಅದೇ ದಾರಿ ಹಿಡಿದವು. ರಾಜ್ಯ ಸರಕಾರ ಒಂದು ಖಾಸಗಿ ಎಕ್ಸ್‌ಚೇಂಜ್ ಜೊತೆ ಅರ್ಧರ್ಧ ಪಾಲಿನಲ್ಲಿ ಕಂಪನಿ ಮಾಡಿ, ಮಾರುಕಟ್ಟೆಗಳನ್ನ ಒಂದೇ ಆನ್‌ಲೈನ್ ವೇದಿಕೆಗೆ ಜೋಡಿಸಿತು. ಖರೀದಿದಾರ ಚೀಟಿಯಲ್ಲಿ ಬರೆಯುತ್ತಿದ್ದ ದರ ಈಗ ಪರದೆಯ ಮೇಲೆ. ಲಾಭ ಇಲ್ಲ ಅನ್ನೋಕಾಗಲ್ಲ. ಕೆಲವು ಬೆಳೆಗಳಿಗೆ ದರ ಒಂದಿಷ್ಟು ಏರಿದ್ದನ್ನ ಅಧ್ಯಯನಗಳೂ ತೋರಿಸಿವೆ. ಆದರೆ 2024ರ ಮಾರ್ಚಿನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಏನಾಯ್ತು? ಸಿಟ್ಟಿಗೆದ್ದ ರೈತರು ನುಗ್ಗಿದ್ದು ಎಪಿಎಂಸಿ ಕಚೇರಿಗೆ, ಬೆಂಕಿ ಬಿದ್ದದ್ದು ಅಲ್ಲಿ ನಿಂತಿದ್ದ ವಾಹನಗಳಿಗೆ. ದರ ಪರದೆಯ ಮೇಲೆ ಬಂದರೂ ಸಿಟ್ಟು ಹುಡುಕಿದ್ದು ಒಂದು ಬಾಗಿಲನ್ನ.

ಪ್ರತಿ ಸಲ ಮನೆ ಬದಲಿಸಿದಾಗಲೂ ಲೆಕ್ಕ ಸ್ವಚ್ಛವಾಗಿದೆ, ಅಗ್ಗವಾಗಿದೆ, ಹೆಚ್ಚು ಜನರ ಕೈಗೆ ಸಿಕ್ಕಿದೆ. ಮತ್ತೆ ಕುಲಕರ್ಣಿ ದಫ್ತರಕ್ಕೆ ಹೋಗೋಣ ಅನ್ನೋನು ನಾನಲ್ಲ. ಆದರೆ ಪ್ರತಿ ಸಲವೂ ಉತ್ತರ ಕೊಡೋ ಮನುಷ್ಯ ಒಂದು ಹೆಜ್ಜೆ ದೂರ ಹೋಗಿದ್ದಾನೆ. ನಾವು ಕ್ಲೌಡ್‌ಗೆ ಹೋಗುವಾಗ ಖರ್ಚು, ವೇಗ, ಭದ್ರತೆ ಎಲ್ಲದಕ್ಕೂ ಸ್ಲೈಡ್ ಮಾಡ್ತೀವಿ. ಕೌಂಟರಿನ ಈಚೆ ನಿಂತವನಿಗೆ ಮಾತ್ರ ಒಂದು ಸ್ಲೈಡೂ ಇರಲ್ಲ.

ಕಾಕಾನಿಗೆ ಉತಾರ ಸಿಕ್ಕಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಸಾಲದ ದುಡ್ಡಿಗೆ ಕಾಯದೆ, ಬಡ್ಡಿಗೆ ಕೈಗಡ ತಂದು ಹೆಸರು ಬಿತ್ತಿದ್ದ. ಹಸಿ ಆರೋದರೊಳಗೆ ಬೀಜ ಬೀಳಬೇಕಲ್ಲ. ಆ ಬಡ್ಡಿಯನ್ನ ನಾವು ಯಾವ ಡೌನ್‌ಟೈಮ್ ಲೆಕ್ಕದಲ್ಲೂ ಹಿಡಿಯೋದಿಲ್ಲ.

ಬೆಂಗಳೂರಿಗೆ ವಾಪಸ್ ಬಂದ ಸೋಮವಾರ ನಮ್ಮ ಮೈಗ್ರೇಶನ್ ಪಟ್ಟಿಗೆ ಎರಡು ಸಾಲು ಸೇರಿಸಿದೆ. ಸರ್ವರ್ ನಿಂತ ದಿನ ಕೆಲಸ ಯಾವ ಕಾಗದದ ಮೇಲೆ ನಡೀಬೇಕು? ಬಂದವರಿಗೆ ಯಾರು, ಯಾವ ಹೆಸರಿನಲ್ಲಿ, ಉತ್ತರ ಕೊಡಬೇಕು? ಮೊದಲನೆಯದಕ್ಕೆ ಗ್ರಾಹಕರು ಒಂದೇ ದಿನದಲ್ಲಿ ಉತ್ತರ ಬರೆದು ಕಳಿಸಿದರು. ಎರಡನೆಯದರ ಮುಂದೆ ಹೆಸರು ತುಂಬೋಕೆ ಮೂರು ಮೀಟಿಂಗ್ ಬೇಕಾಯ್ತು.