ಹಳೆ ಡಿಸ್ಕಿಗೆ ಹೊಸ ಯಂತ್ರದಲ್ಲಿ ಜಾಗವೆಷ್ಟು?

ಹೊಸ ಗೇಮ್ ಕನ್ಸೋಲ್ ಬಂದಾಗ ಜಾಹೀರಾತುಗಳು ಅದರ ವೇಗವನ್ನು, ಚಿತ್ರದ ಸೊಗಸನ್ನು ಹೊಗಳುತ್ತವೆ. ಆದರೆ ಹಳೆಯ ಕನ್ಸೋಲಿಗೆಂದು ಸಾವಿರಾರು ರೂಪಾಯಿ ಸುರಿದು ಡಿಸ್ಕು ಕೂಡಿಹಾಕಿದವರು ಕೇಳುವ ಮೊದಲ ಪ್ರಶ್ನೆ ಬೇರೆ: ಇವೆಲ್ಲ ಹೊಸದರಲ್ಲಿ ಓಡುತ್ತವಾ? ಉದ್ಯಮದವರು ಇದನ್ನು ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎನ್ನುತ್ತಾರೆ. ನಾಲ್ಕು ದಶಕಗಳಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರಗಳು ಹಲವು. ಹಳೆ ಚಿಪ್ಪನ್ನೇ ಹೊಸ ಪೆಟ್ಟಿಗೆಯೊಳಗೆ ಕೂರಿಸಿದ್ದುಂಟು, ಸಾಫ್ಟ್‌ವೇರಿನಿಂದ ಹಳೆ ಯಂತ್ರದ ಪಾತ್ರ ಆಡಿಸಿದ್ದುಂಟು, ‘ಆಗುವುದಿಲ್ಲ, ಬೇಕಾದರೆ ಇನ್ನೊಮ್ಮೆ ಕೊಳ್ಳಿ’ ಎಂದದ್ದೂ ಉಂಟು. ಈ ಚರಿತ್ರೆಯ ಉದ್ದಕ್ಕೂ ನನಗೆ ಕಾಣುವುದು ಒಂದೇ ದಿಕ್ಕಿನ ಚಲನೆ: ತೊಡಕು ಚಿಪ್ಪಿನಿಂದ ಮೆಲ್ಲಗೆ ಕರಾರುಪತ್ರಕ್ಕೆ ಜಾರಿಕೊಂಡಿದೆ.

ತೊಡಕು ಮೊದಲಿಗೆ ಇದ್ದದ್ದಾದರೂ ಯಾಕೆ? ಕಂಪ್ಯೂಟರಿನಲ್ಲಿ ಆಟಕ್ಕೂ ಯಂತ್ರಕ್ಕೂ ನಡುವೆ ವಿಂಡೋಸ್‌ನಂಥದ್ದೊಂದು ನಿಂತಿರುತ್ತದೆ. ಹಳೆಯ ಕನ್ಸೋಲುಗಳಲ್ಲಿ ಅಂಥ ಮಧ್ಯಸ್ಥರಿರಲಿಲ್ಲ. ಆಟ ಬರೆಯುವವರು ನೇರವಾಗಿ ಚಿಪ್ಪಿನ ಜೊತೆ ವ್ಯವಹರಿಸುತ್ತಿದ್ದರು. ಟಿವಿ ಪರದೆಯ ಒಂದು ಗೆರೆ ಮೂಡುವಷ್ಟರಲ್ಲಿ ಪ್ರೊಸೆಸರ್ ಎಷ್ಟು ಹೆಜ್ಜೆ ಹಾಕುತ್ತದೆ ಎಂದು ಎಣಿಸಿ ಬರೆದ ಆಟಗಳಿವೆ. ಆ ಲೆಕ್ಕ ಒಂದಿಷ್ಟು ತಪ್ಪಿದರೂ ಚಿತ್ರ ಕದಡುತ್ತದೆ, ಇಲ್ಲವೇ ಆಟ ನಿಂತೇಹೋಗುತ್ತದೆ. ಹೊಸ ಯಂತ್ರ ಹಳೆಯದಕ್ಕಿಂತ ವೇಗವಾಗಿದ್ದರೆ ಸಾಲದು, ಬೇಕಾದಾಗ ಅದರಷ್ಟೇ ನಿಧಾನವೂ ಆಗಬೇಕು.

ಈ ಪ್ರಶ್ನೆಯ ಬಿಸಿ ಮೊದಲು ತಟ್ಟಿದವರಲ್ಲಿ ಅಟಾರಿಯೂ ಒಂದು. 1977ರ ಅಟಾರಿ 2600 ಅಮೆರಿಕದ ಮನೆಮನೆ ಹೊಕ್ಕಿತ್ತು. 1982ರಲ್ಲಿ ಬಂದ 5200 ಮಾತ್ರ ಅದರ ಕಾರ್ಟ್ರಿಜ್‌ಗಳನ್ನು ತೆಗೆದುಕೊಳ್ಳಲಿಲ್ಲ. ಅದೇ ವರ್ಷ ಪ್ರತಿಸ್ಪರ್ಧಿ ಕೊಲೆಕೊ ತನ್ನ ಕೊಲೆಕೊವಿಷನ್‌ಗೆ ಒಂದು ಜೋಡಣೆ ಮಾರಿತು, ಅದರಲ್ಲಿ ಓಡುತ್ತಿದ್ದದ್ದು ಅಟಾರಿ 2600ರ ಆಟಗಳು! ಅಟಾರಿಯ ಸ್ವಂತ ಹೊಸ ಯಂತ್ರ ಮಾಡದ ಕೆಲಸವನ್ನು ಎದುರಾಳಿ ಮಾಡಿ ತೋರಿಸಿದ್ದ. ಅಟಾರಿ ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಗಿ ಕೊಲೆಕೊ ಪರವಾನಗಿ ಪಡೆಯಿತು. ಆಮೇಲೆ ಅಟಾರಿಯೂ 5200ಕ್ಕೆ ತನ್ನದೇ ಅಡಾಪ್ಟರ್ ತಂದಿತು. 1986ರಲ್ಲಿ ಎಲ್ಲೆಡೆ ಮಾರಾಟಕ್ಕೆ ಬಂದ 7800ರಲ್ಲಂತೂ 2600ರ ಚಿತ್ರ-ಧ್ವನಿ ಚಿಪ್ಪನ್ನೇ ಒಳಗಿಟ್ಟಿದ್ದರು.

ನಮ್ಮೂರುಗಳಲ್ಲಿ ಆ ಕಾಲಕ್ಕೂ, ಅದರ ನಂತರವೂ, ಈ ತಲೆಬಿಸಿಯೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಜಾತ್ರೆ, ಬಜಾರುಗಳಲ್ಲಿ ಸಿಗುತ್ತಿದ್ದ ‘ಟಿವಿ ವಿಡಿಯೋ ಗೇಮ್’ಗಳೆಲ್ಲ ಬಹುಪಾಲು ನಿಂಟೆಂಡೊದ 1983ರ ಫ್ಯಾಮಿಕಾಮ್‌ನ ನಕಲುಗಳು. ಡಬ್ಬಿಯ ಬಣ್ಣ ಬದಲಾದರೂ ಒಳಗಿನ ವಿನ್ಯಾಸ ಅದೇ. ಹಾಗಾಗಿ ಅಣ್ಣನ ಕಾಲದ ಹಳದಿ ‘ಕ್ಯಾಸೆಟ್’ ತಮ್ಮನ ಹೊಸ ಡಬ್ಬಿಯಲ್ಲೂ ಲಕ್ಷಣವಾಗಿ ಕೂರುತ್ತಿತ್ತು. ನಕಲಿ ಮಾಲಿನ ಲೋಕ ಕೊಟ್ಟ ಆ ಭರವಸೆಯನ್ನು ಅಸಲಿ ನಿಂಟೆಂಡೊ ತನ್ನ ಗಿರಾಕಿಗಳಿಗೆ ಕೊಡಲಿಲ್ಲ. 1990ರ ಸೂಪರ್ ಫ್ಯಾಮಿಕಾಮ್‌ನ ಪ್ರೊಸೆಸರ್ ಹಳೆಯ ಫ್ಯಾಮಿಕಾಮ್‌ನ 6502 ಚಿಪ್ಪಿನ ವಂಶದ್ದೇ; ವಿದ್ಯುತ್ ಹರಿದೊಡನೆ ಅದು ಹಳೆಯದರ ರೀತಿಯಲ್ಲೇ ಎಚ್ಚರಗೊಳ್ಳುತ್ತದೆ. ಅಷ್ಟು ಹತ್ತಿರ ಬಂದೂ ಫ್ಯಾಮಿಕಾಮ್ ಆಟಗಳು ಅದರಲ್ಲಿ ಓಡಲಿಲ್ಲ. ಅದೇ ಹೊತ್ತಿಗೆ ಸೆಗಾ ಜಾಣತನ ತೋರಿತ್ತು. ಮಾಸ್ಟರ್ ಸಿಸ್ಟಮ್‌ನ ಝಡ್80 ಪ್ರೊಸೆಸರನ್ನು ಮೆಗಾ ಡ್ರೈವ್‌ನಲ್ಲಿ ಧ್ವನಿಯ ಕೆಲಸಕ್ಕೆ ಹಚ್ಚಿ ಉಳಿಸಿಕೊಂಡದ್ದರಿಂದ, ಒಂದು ಅಡಾಪ್ಟರ್ ಸಿಕ್ಕಿಸಿದರೆ ಹಳೆ ಆಟಗಳು ಓಡುತ್ತಿದ್ದವು.

ನಿಂಟೆಂಡೊ ಧಾರಾಳವಾಗಿದ್ದದ್ದು ಕೈಯಲ್ಲಿ ಹಿಡಿದಾಡುವ ಯಂತ್ರಗಳಲ್ಲಿ. 2001ರ ಗೇಮ್‌ಬಾಯ್ ಅಡ್ವಾನ್ಸ್ ಅನ್ನು ಹತ್ತಿರದಿಂದ ನೋಡಬೇಕು. ಕಾರ್ಟ್ರಿಜ್ ತೂರಿಸುವ ಸಂದಿನೊಳಗೆ ಒಂದು ಪುಟ್ಟ ಸ್ವಿಚ್ ಇದೆ. ಹೊಸ ಕಾರ್ಟ್ರಿಜ್‌ಗಳ ಬುಡದ ಮೂಲೆಯಲ್ಲಿ ಕಚ್ಚು ಕೊರೆದಿರುವುದರಿಂದ ಅವು ಸ್ವಿಚ್ಚನ್ನು ಮುಟ್ಟುವುದಿಲ್ಲ. 1989ರ ಗೇಮ್‌ಬಾಯ್ ಕಾರ್ಟ್ರಿಜ್‌ಗೆ ಕಚ್ಚಿಲ್ಲ, ಅದು ಸ್ವಿಚ್ಚನ್ನು ಒತ್ತಿಯೇ ಒಳಹೋಗುತ್ತದೆ. ಒತ್ತಿದೊಡನೆ ವಿದ್ಯುತ್ತು 3.3 ವೋಲ್ಟಿನಿಂದ 5 ವೋಲ್ಟಿಗೆ ಏರುತ್ತದೆ. 32 ಬಿಟ್‌ನ ಹೊಸ ಪ್ರೊಸೆಸರ್ ಪಕ್ಕಕ್ಕೆ ಸರಿದು, ಅದರ ಜೊತೆಗೇ ಕೂರಿಸಿದ 8 ಬಿಟ್‌ನ ಹಳೆಯದು ಕೆಲಸಕ್ಕಿಳಿಯುತ್ತದೆ. ಪರದೆ ಹಳೆಯದಕ್ಕಿಂತ ಅಗಲವಾದ್ದರಿಂದ ಚಿತ್ರದ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ; ಭುಜದ ಗುಂಡಿ ಒತ್ತಿದರೆ ಚಿತ್ರ ಹಿಗ್ಗಿ ಅದನ್ನು ತುಂಬುತ್ತದೆ. ಮೆನು ಇಲ್ಲ, ಅಪ್‌ಡೇಟ್ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಪ್ಲಾಸ್ಟಿಕ್ಕಿನ ಆಕಾರವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಚೊಕ್ಕ ಪರಿಹಾರವನ್ನು ನಾನು ಕಂಡಿಲ್ಲ.

ಸೋನಿಯೂ ಇದೇ ದಾರಿ ಹಿಡಿದಿತ್ತು. 2000ದ ಪ್ಲೇಸ್ಟೇಷನ್ 2ರಲ್ಲಿ ಮೊದಲ ಪ್ಲೇಸ್ಟೇಷನ್ನಿನ ಪ್ರೊಸೆಸರನ್ನು ಕಂಟ್ರೋಲರ್, ಮೆಮೊರಿ ಕಾರ್ಡುಗಳ ಮೇಲ್ವಿಚಾರಣೆಗೆ ಇಟ್ಟುಕೊಂಡರು. ಹಳೆ ಡಿಸ್ಕ್ ಹಾಕಿದರೆ ಆ ಮೇಲ್ವಿಚಾರಕನೇ ಯಜಮಾನನಾಗುತ್ತಿದ್ದ. ಬಿಡುಗಡೆಯ ದಿನವೇ ಸಾವಿರಾರು ಹಳೆ ಆಟಗಳ ಬೆಂಬಲ ಇದ್ದ ಯಂತ್ರ ಅದು. ಅದರ ಗೆಲುವಿನಲ್ಲಿ ಇದರ ಪಾಲೂ ಇದೆ.

ಪ್ಲೇಸ್ಟೇಷನ್ 3ರ ಹೊತ್ತಿಗೆ ಈ ಧಾರಾಳತನ ದುಬಾರಿಯಾಯಿತು. 2006ರ ನವೆಂಬರಿನಲ್ಲಿ ಬಂದ 20 ಮತ್ತು 60 ಗಿಗಾಬೈಟ್ ಮಾದರಿಗಳಲ್ಲಿ ಪಿಎಸ್2ರ ಮುಖ್ಯ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎರಡೂ ಇದ್ದವು. ಅಂದರೆ ಒಂದು ಕನ್ಸೋಲಿನ ಹೊಟ್ಟೆಯಲ್ಲಿ ಇನ್ನೊಂದು ಕನ್ಸೋಲ್. 60 ಗಿಗಾಬೈಟಿನದಕ್ಕೆ ಅಮೆರಿಕದಲ್ಲಿ 599 ಡಾಲರ್. ಅಷ್ಟು ಬೆಲೆ ಇಟ್ಟೂ ಸೋನಿಗೆ ಪ್ರತಿ ಯಂತ್ರದ ಮೇಲೆ ನಷ್ಟ. ಕತ್ತರಿ ಎಲ್ಲಿ ಬಿದ್ದೀತೆಂದು ಊಹಿಸುವುದು ಕಷ್ಟವಿರಲಿಲ್ಲ. 2007ರ ಮಾರ್ಚಿನಲ್ಲಿ ಯುರೋಪಿಗೆ ಹೋದ ಮಾದರಿಯಲ್ಲಿ ಗ್ರಾಫಿಕ್ಸ್ ಚಿಪ್ ಮಾತ್ರ ಉಳಿದು, ಪ್ರೊಸೆಸರ್ ಕೆಲಸ ಸಾಫ್ಟ್‌ವೇರಿನ ಪಾಲಿಗೆ ಬಂತು. ಅದೇ ವರ್ಷದ ಕೊನೆಯ 40 ಗಿಗಾಬೈಟ್ ಮಾದರಿಯಲ್ಲಿ ಪಿಎಸ್2 ಆಟಗಳ ಬೆಂಬಲವೇ ಹೋಯಿತು. ಹೊಸ ಆಟಗಳು ಸಾಕಷ್ಟಿವೆ, ಈಗಿನ ಗಿರಾಕಿಗಳಿಗೆ ಅದು ಅಷ್ಟು ಮುಖ್ಯವಲ್ಲ ಎಂಬುದು ಸೋನಿಯ ಸಮಜಾಯಿಷಿ. ಒಂದೇ ವರ್ಷದಲ್ಲಿ ಎರಡು ಮೆಟ್ಟಿಲು ಇಳಿದು ನೆಲ ಮುಟ್ಟಿದ್ದಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಪಿಎಸ್3ರ ಸೆಲ್ ಪ್ರೊಸೆಸರಿನಿಂದ ಬಿತ್ತು. ಒಂದು ಮುಖ್ಯ ಕೋರ್, ಅದರ ಸುತ್ತ ತಮ್ಮದೇ ಪುಟ್ಟ ಮೆಮೊರಿ ಇರುವ ಸಹಾಯಕ ಕೋರ್‌ಗಳು. ಇಂಥ ವಿಚಿತ್ರ ರಚನೆಯಿಂದ ಕೆಲಸ ತೆಗೆಯಲು ಆಟ ತಯಾರಿಸುವ ಸ್ಟುಡಿಯೊಗಳು ವರ್ಷಗಟ್ಟಲೆ ಹೆಣಗಿದವು. 2013ರಲ್ಲಿ ಪಿಎಸ್4 ಸಾಮಾನ್ಯ ಕಂಪ್ಯೂಟರಿನ ಮಾದರಿಯ ಎಎಂಡಿ ಪ್ರೊಸೆಸರಿಗೆ ಹೊರಳಿದಾಗ ಸೆಲ್‌ಗೆಂದು ಬರೆದದ್ದೆಲ್ಲ ಹಿಂದೆ ಉಳಿಯಿತು. 2011ರಿಂದ ಸ್ವಯಂಸೇವಕರು ಕಟ್ಟುತ್ತಿರುವ ಆರ್‌ಪಿಸಿಎಸ್3 ಎಂಬ ಎಮ್ಯುಲೇಟರ್, ಅಂದರೆ ಹಳೆ ಯಂತ್ರದ ಪಾತ್ರವಾಡುವ ಸಾಫ್ಟ್‌ವೇರ್, ಒಳ್ಳೆಯ ಪಿಸಿಗಳಲ್ಲಿ ಈ ಆಟಗಳನ್ನು ಓಡಿಸುತ್ತದೆ. ಸೋನಿ ಆರಿಸಿದ್ದು ಸ್ಟ್ರೀಮಿಂಗನ್ನು: ಆಟ ದೂರದ ಸರ್ವರಿನಲ್ಲಿ ಓಡುತ್ತದೆ, ನಮ್ಮ ಮನೆಗೆ ಬರುವುದು ಅದರ ವಿಡಿಯೋ. ಇದರಲ್ಲಿ ನಮಗೊಂದು ಖಾಸಾ ನಷ್ಟವಿದೆ. 2022ರಲ್ಲಿ ಪ್ಲೇಸ್ಟೇಷನ್ ಪ್ಲಸ್ ಹೊಸ ರೂಪ ತಾಳಿದಾಗ ಕ್ಲೌಡ್ ಸೌಲಭ್ಯವಿಲ್ಲದ ಭಾರತದಂಥ ದೇಶಗಳಿಗೆ ‘ಪ್ರೀಮಿಯಂ’ ಬದಲು ‘ಡೀಲಕ್ಸ್’ ಬಂತು. ಅದರಲ್ಲಿ ಪಿಎಸ್3 ಸ್ಟ್ರೀಮಿಂಗ್ ಇರಲಿಲ್ಲ. ಪಿಎಸ್3 ಡಿಸ್ಕಿನ ಕಂತೆ ಇಟ್ಟುಕೊಂಡ ಬೆಂಗಳೂರಿನವರಿಗೆ ಹಳೆ ಯಂತ್ರವನ್ನೇ ರಿಪೇರಿ ಮಾಡಿಸಿ ಕಾಪಾಡುವುದೇ ಗತಿ.

ಮೈಕ್ರೋಸಾಫ್ಟಿನ ಹಾದಿ ಇದಕ್ಕೆ ತಿರುಗುಮುರುಗು. 2001ರ ಎಕ್ಸ್‌ಬಾಕ್ಸ್‌ನಲ್ಲಿ ಇಂಟೆಲ್ ಪ್ರೊಸೆಸರ್, ಎನ್‌ವಿಡಿಯಾ ಗ್ರಾಫಿಕ್ಸ್. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಪವರ್‌ಪಿಸಿ, ಎಟಿಐ. ಸಾಮ್ಯವೇ ಇಲ್ಲದ ಈ ಎರಡನ್ನು ಎಮ್ಯುಲೇಟರ್ ಬರೆದು ಜೋಡಿಸಿದರು, ಅದೂ ಹಾರ್ಡ್ ಡಿಸ್ಕ್ ಇದ್ದವರಿಗೆ ಮಾತ್ರ. ನಾನೂರಕ್ಕೂ ಹೆಚ್ಚು ಆಟಗಳು ಪಟ್ಟಿ ಸೇರಿ 2007ರಲ್ಲಿ ಕೆಲಸ ನಿಂತಿತು. 2013ರ ಎಕ್ಸ್‌ಬಾಕ್ಸ್ ಒನ್‌ಗೆ ಆ ಬೆಂಬಲವೇ ಇರಲಿಲ್ಲ. ಹಿಂದಕ್ಕೆ ಹೊಂದಿಸುವವರು ಹಿಂದುಳಿದವರೇ ಸರಿ ಎಂಬರ್ಥದ ಮಾತನ್ನು ಆಗ ಆ ವಿಭಾಗದ ಮುಖ್ಯಸ್ಥರಾಗಿದ್ದ ಡಾನ್ ಮ್ಯಾಟ್ರಿಕ್ ಆಡಿದ್ದರು. ಎಕ್ಸ್‌ಬಾಕ್ಸ್ ಒನ್ ಮಾರುಕಟ್ಟೆಯಲ್ಲಿ ಪಿಎಸ್4ರ ಮುಂದೆ ಮಂಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2015ರ ಜೂನಿನಲ್ಲಿ, ಅವರ ಜಾಗಕ್ಕೆ ಬಂದಿದ್ದ ಫಿಲ್ ಸ್ಪೆನ್ಸರ್ ಎಕ್ಸ್‌ಬಾಕ್ಸ್ 360ರ ಆಟಗಳು ಒನ್‌ನಲ್ಲಿ ಓಡುತ್ತವೆ ಎಂದು ವೇದಿಕೆಯ ಮೇಲೆ ಸಾರಿದರು. ಸೋಲುತ್ತಿರುವವರಿಗೆ ಹಳೆ ಗಿರಾಕಿಯ ನೆನಪು ಬೇಗ ಬರುತ್ತದೆ. ಗೆಲ್ಲುತ್ತಿದ್ದ ಸೋನಿಯ ಜಿಮ್ ರಯಾನ್ 2017ರಲ್ಲೂ ಈ ಸೌಲಭ್ಯವನ್ನು ಕೇಳುವವರು ಬಹಳ, ಬಳಸುವವರು ಕಡಿಮೆ ಎನ್ನುತ್ತಿದ್ದರು.

ತಾಂತ್ರಿಕವಾಗಿ ಮೈಕ್ರೋಸಾಫ್ಟಿನದು ದೊಡ್ಡ ಸಾಧನೆಯೇ. 360ರ ಪ್ರೊಸೆಸರಿನ ವೇಗ 3.2 ಗಿಗಾಹರ್ಟ್ಸ್, ಒನ್‌ನದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಸಾಲದ್ದಕ್ಕೆ ಇಬ್ಬರೂ ಸಂಖ್ಯೆಯನ್ನು ಮೆಮೊರಿಯಲ್ಲಿ ಬರೆದಿಡುವ ಕ್ರಮ ಉಲ್ಟಾ: ಒಬ್ಬರು ದಿನ-ತಿಂಗಳು-ವರ್ಷ ಎಂದು ತಾರೀಖು ಬರೆದರೆ ಇನ್ನೊಬ್ಬರು ವರ್ಷದಿಂದ ಶುರು ಮಾಡಿದ ಹಾಗೆ. ಆಡುವ ಹೊತ್ತಿನಲ್ಲೇ ಇದನ್ನೆಲ್ಲ ತರ್ಜುಮೆ ಮಾಡಲು ಯಂತ್ರಕ್ಕೆ ಕಸುವು ಸಾಲದು. ಅದಕ್ಕೇ ಎಂಜಿನಿಯರುಗಳು ಪ್ರತಿ ಆಟದ ಕೋಡನ್ನೂ ಮೊದಲೇ ಹೊಸ ಪ್ರೊಸೆಸರಿಗೆ ಒಗ್ಗಿಸಿ, ಎಮ್ಯುಲೇಟರಿನ ಜೊತೆ ಒಂದೇ ಗಂಟಾಗಿ ಕಟ್ಟಿ ಸರ್ವರಿನಲ್ಲಿಟ್ಟರು. ಹಳೆ ಡಿಸ್ಕ್ ಹಾಕಿದಾಗ ಅದರಿಂದ ಆಟ ಓಡುವುದಿಲ್ಲ. ಇದು ಯಾವ ಆಟ ಎಂದಷ್ಟೇ ಯಂತ್ರ ನೋಡಿಕೊಂಡು ಇಡೀ ಗಂಟನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ. ಡಿಸ್ಕು ಬರೀ ಬೀಗದ ಕೈ.

ಕಾಗದಪತ್ರ ಒಳನುಗ್ಗುವುದು ಇಲ್ಲಿಂದಲೇ. ಹೊಸದಾಗಿ ಕಟ್ಟಿದ ಗಂಟನ್ನು ಹಂಚಬೇಕಾದರೆ ಆಟದ ಒಡೆಯರ ಒಪ್ಪಿಗೆ ಬೇಕು. ಆಟದೊಳಗಿನ ಹಾಡು, ಕಾರಿನ ಲಾಂಛನ, ಫುಟ್‌ಬಾಲ್ ಆಟಗಾರನ ಮುಖ, ಇವಕ್ಕೆಲ್ಲ ಅವಧಿ ಮುಗಿದ ಕರಾರುಗಳಿರುತ್ತವೆ. ಎಷ್ಟೋ ಸ್ಟುಡಿಯೊಗಳು ಮುಚ್ಚಿಹೋಗಿ, ಹಕ್ಕು ಯಾರ ಕೈಯಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಎರಡು ಸಾವಿರಕ್ಕೂ ಹೆಚ್ಚು 360 ಆಟಗಳಲ್ಲಿ ದಾಟಿ ಬಂದವು ಆರುನೂರಕ್ಕೆ ತುಸು ಮೇಲೆ, ಮೊದಲ ಎಕ್ಸ್‌ಬಾಕ್ಸ್‌ನವು ಅರವತ್ತರ ಆಸುಪಾಸು. 2021ರ ನವೆಂಬರಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಟಗಳ ಕೊನೆಯ ಕಂತು ಬಿಟ್ಟು, ಪರವಾನಗಿ, ಕಾನೂನು, ತಂತ್ರಜ್ಞಾನದ ಮಿತಿಯಿಂದ ಇನ್ನು ಮುಂದಕ್ಕೆ ಸಾಧ್ಯವಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. ಆ ಮೂರರಲ್ಲಿ ತಂತ್ರಜ್ಞಾನ ಕೊನೆಗೆ ಬಂದದ್ದು ಆಕಸ್ಮಿಕವಲ್ಲ ಎಂದು ನನ್ನ ಗುಮಾನಿ.

2020ರಲ್ಲಿ ಬಂದ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎರಡಕ್ಕೂ ಹಿಂದಿನ ಪೀಳಿಗೆ ತಲೆನೋವಾಗಲಿಲ್ಲ. ಎರಡರ ಒಳಗೂ ಅದೇ ಎಎಂಡಿ ವಂಶ. ಪಿಎಸ್5ರಲ್ಲಿ ಪಿಎಸ್4ರ ನಡಾವಳಿಗೆ ಇಳಿಯುವ ವ್ಯವಸ್ಥೆಯಿದೆ. ನಾಲ್ಕು ಸಾವಿರಕ್ಕೂ ಮೀರಿದ ಪಿಎಸ್4 ಆಟಗಳಲ್ಲಿ ಓಡದವು ಬೆರಳೆಣಿಕೆಯಷ್ಟು. ಎಕ್ಸ್‌ಬಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಲ ಆಟದ ಕೋಡನ್ನು ಮುಟ್ಟದೆಯೇ ಕೆಲವು ಹಳೆ ಆಟಗಳನ್ನು ಸೆಕೆಂಡಿಗೆ 30 ಚೌಕಟ್ಟಿನಿಂದ (ಫ್ರೇಮ್) 60ಕ್ಕೆ ಏರಿಸಿತು. ಸೋನಿಯ ಕಡೆ 2015ರ ‘ಬ್ಲಡ್‌ಬೋರ್ನ್’ ಇಷ್ಟು ಬಲದ ಯಂತ್ರದಲ್ಲೂ 30ರಲ್ಲೇ ತೆವಳುತ್ತಿರುವುದನ್ನು ಅಭಿಮಾನಿಗಳು ಇವತ್ತಿಗೂ ಕ್ಷಮಿಸಿಲ್ಲ.

2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2 ಬೇರೆಯದೇ ಬಗೆ. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಂಡರೂ ಗ್ರಾಫಿಕ್ಸ್ ಭಾಗದ ಪೀಳಿಗೆ ಬೇರೆ. ಹಳೆ ಆಟಗಳೊಳಗೆ ಹಳೆ ಗ್ರಾಫಿಕ್ಸ್ ಚಿಪ್ಪಿಗೆಂದೇ ಸಿದ್ಧಪಡಿಸಿದ ಆಜ್ಞೆಗಳಿವೆ, ಹೊಸ ಚಿಪ್ಪಿಗೆ ಅವು ಅರ್ಥವಾಗುವುದಿಲ್ಲ. ಹಳೆ ಚಿಪ್ಪನ್ನು ಒಳಗಿಟ್ಟಿಲ್ಲ. ಪೂರ್ತಿ ಎಮ್ಯುಲೇಟರ್ ಇಟ್ಟರೆ ಯಂತ್ರ ಸದಾ ಏದುಸಿರು ಬಿಟ್ಟು ಬ್ಯಾಟರಿ ಬೇಗ ಮುಗಿಯುತ್ತದೆ. ಹಾಗಾಗಿ ಇವೆರಡರ ನಡುವಿನ ದಾರಿ ಹಿಡಿದು, ಆಟ ಓಡುತ್ತಿರುವಾಗಲೇ ಅದರ ಮಾಹಿತಿಯನ್ನು ಪರಿವರ್ತಿಸುತ್ತೇವೆ ಎಂದು ನಿಂಟೆಂಡೊದ ಎಂಜಿನಿಯರುಗಳು ವಿವರಿಸಿದ್ದಾರೆ. ಸೋಲುವವರೇ ಹಳೆಯದನ್ನು ನೆನೆಯುತ್ತಾರೆ ಎಂಬ ನನ್ನ ಮಾತಿಗೆ ಇದು ಅಪವಾದ. ಮೊದಲ ಸ್ವಿಚ್ 15 ಕೋಟಿಗೂ ಹೆಚ್ಚು ಮಾರಿತ್ತು. ಅಷ್ಟು ಜನರ ಖಾತೆಯಲ್ಲಿರುವ ಖರೀದಿಗಳನ್ನು ಸೊನ್ನೆಗೆ ಇಳಿಸುವ ಧೈರ್ಯ ಈಗ ಯಾವ ಕಂಪನಿಗೂ ಇಲ್ಲ.

ಖಾತೆ ಇರುವವರೆಗೆ ಸರಿ. ನಿಂಟೆಂಡೊದ ವೀ ಯಂತ್ರದ ಆನ್‌ಲೈನ್ ಅಂಗಡಿ 2019ರ ಜನವರಿಯಲ್ಲಿ, 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚಿನಲ್ಲಿ, ಎಕ್ಸ್‌ಬಾಕ್ಸ್ 360ರದು 2024ರ ಜುಲೈನಲ್ಲಿ ಮುಚ್ಚಿದವು. ಪಿಎಸ್3 ಅಂಗಡಿಯನ್ನು 2021ರಲ್ಲಿ ಮುಚ್ಚಲು ಹೊರಟ ಸೋನಿ ಗಲಾಟೆಗೆ ಹೆದರಿ ಹಿಂದೆ ಸರಿಯಿತು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಅಧಿಕೃತವಾಗಿ ಎಲ್ಲೂ ಮಾರಾಟಕ್ಕಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಹೀಗೆ ಹಿಂದೆ ಉಳಿದ ಆಟ ನಮ್ಮ ಕಡೆಯದೂ ಒಂದಿದೆ: ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ತಯಾರಿಸಿ 2009ರಲ್ಲಿ ಪಿಎಸ್2ಗೆ ಬಂದ ‘ಹನುಮಾನ್: ಬಾಯ್ ವಾರಿಯರ್’. ಆಟವಾಗಿ ಅದನ್ನು ಯಾರೂ ಹೊಗಳಲಿಲ್ಲ, ಆದರೆ ಭಾರತದಲ್ಲಿ ಕನ್ಸೋಲಿಗೆಂದು ತಯಾರಾದ ಮೊದಮೊದಲ ಆಟಗಳ ಸಾಲಿಗೆ ಸೇರುತ್ತದೆ. ಅದರ ಡಿಸ್ಕನ್ನು ಪಿಎಸ್4, ಪಿಎಸ್5 ಎರಡೂ ಓದುವುದಿಲ್ಲ.

ಇನ್ನು ಮುಂದಿನ ಪೀಳಿಗೆ. ಎಎಂಡಿ ಜೊತೆಗೂಡಿ ಮಾಡುತ್ತಿರುವ ಮುಂದಿನ ಯಂತ್ರಗಳಲ್ಲಿ ಈಗಿನ ಎಕ್ಸ್‌ಬಾಕ್ಸ್ ಆಟಗಳ ಸಂಗ್ರಹ ಹಾಗೆಯೇ ಉಳಿಯುತ್ತದೆ ಎಂದು ಮೈಕ್ರೋಸಾಫ್ಟ್ 2025ರ ಜೂನಿನಲ್ಲಿ ಮಾತು ಕೊಟ್ಟಿದೆ. ಸೋನಿಯೂ ಎಎಂಡಿ ಬಿಟ್ಟಿಲ್ಲ, ಹಾಗಾಗಿ ಚಿಪ್ಪಿನ ಮಟ್ಟದಲ್ಲಿ ಭಯ ಕಡಿಮೆ. ನೋಡಬೇಕಾದದ್ದು ಡಿಸ್ಕಿನ ಗತಿ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಡ್ರೈವೇ ಇಲ್ಲ. 2024ರ ಪಿಎಸ್5 ಪ್ರೊಗೆ ಅದನ್ನು ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ಸ್ವಿಚ್ 2ರ ‘ಗೇಮ್-ಕೀ ಕಾರ್ಡ್’ಗಳಲ್ಲಿ ಆಟವೇ ಇರುವುದಿಲ್ಲ, ಇಳಿಸಿಕೊಳ್ಳುವ ಅಪ್ಪಣೆ ಮಾತ್ರ ಇರುತ್ತದೆ. ಅಂಗಡಿಯಲ್ಲಿ ಹಳೆ ಡಿಸ್ಕ್ ಕೊಟ್ಟು ಸ್ವಲ್ಪ ದುಡ್ಡು ಸೇರಿಸಿ ಬೇರೆ ಡಿಸ್ಕ್ ತರುವ ರೂಢಿಯಲ್ಲೇ ಬೆಳೆದ ನಮ್ಮ ಆಟಗಾರರು ಮುಂದಿನ ಯಂತ್ರ ಕೊಳ್ಳುವಾಗ, ಓಡುತ್ತದೆಯೇ ಎಂದು ಕೇಳುವ ಮೊದಲು ತೂರಿಸಲು ಸಂದು ಇದೆಯೇ ಎಂದು ನೋಡಿಕೊಳ್ಳಬೇಕಾಗಬಹುದು.